ಹರೆಯದ ಮಕ್ಕಳು ಮತ್ತು ಮಾದಕ ವಸ್ತುಗಳು: ತಾಯ್ತಂದೆಗಳ ಕರ್ತವ್ಯ

ಮಕ್ಕಳ ಸಂಖ್ಯೆಯನ್ನು ಮಿತಗೊಳಿಸಿಕೊಂಡ ಮಾತ್ರಕ್ಕೆ ದಂಪತಿಗಳ ಕರ್ತವ್ಯವು ಮುಗಿಯುವುದಿಲ್ಲ. ಹುಟ್ಟಿದ ಮಕ್ಕಳು ಆರೋಗ್ಯವಂತರಾಗಿ ಪ್ರಾಯಕ್ಕೆ ಬಂದಾಗಲೇ ಕುಟುಂಬ ಕಲ್ಯಾಣವೆಂಬ ಮಾತು ಸಾರ್ಥಕವಾಗುತ್ತದೆ. ಎಳೆಯ ಶಿಶುವಿಗೆ ಕಾಲಕಾಲಕ್ಕೆ ಲಸಿಕೆ ಹಾಕಿಸಿದ ತಾಯ್ತಂದೆಗಳೇ, ಆ ಮಗುವು ಹದಿಮೂರು ಹದಿನಾಲ್ಕು ವಯಸ್ಸಿಗೆ ಬಂದಾಗ ಯಾರೊಡನೆ ಸೇರುತ್ತಿದೆ, ಏನನ್ನು ಸೇವಿಸುತ್ತಿದೆ ಎಂಬುದನ್ನು ಅರಿಯದಿರುವುದುಂಟು.

ನಾನು ಸೇವೆ ಸಲ್ಲಿಸುತ್ತಿರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಂದು ಸಂಜೆ ರೈತರೊಬ್ಬರು ಪತ್ನಿಯೊಡನೆ ತಮ್ಮ ಹದಿನೈದು ವರ್ಷದ ಮಗನನ್ನು ಕರೆತಂದರು. ಹುಡುಗನ ಬೆನ್ನ ಮೇಲೆ ಬಾಸುಂಡೆಗಳಿದ್ದವು. ಪಂಕ್ಚರ್ ಹಾಕುವ ಸಲ್ಯೂಷನ್ನನ್ನು ಬಟ್ಟೆಗೆ ಸವರಿ ಮೂಸುವ ಚಟವು ಅವನಿಗೆ ಅಂಟಿ ಆರು ತಿಂಗಳಾಗಿತ್ತು. “ಹೊಡೆದೆ, ಹರಕೆ ಹೊತ್ತೆ, ಕೋಣೆಯಲ್ಲಿ ಕೂಡಿಹಾಕಿದೆ. ಏನು ಮಾಡಿದರೂ ಬಿಡಲಿಲ್ಲ ಸ್ವಾಮಿ” ಎಂದು ತಂದೆ ಕಣ್ಣೀರಿಟ್ಟರು. ತಾಯಿಗೆ ಈ ಸಂಗತಿಯು ನಾಲ್ಕು ತಿಂಗಳ ಮೊದಲೇ ತಿಳಿದಿತ್ತು. ಗಂಡನ ಕೋಪಕ್ಕೆ ಅಂಜಿ ಮುಚ್ಚಿಟ್ಟಿದ್ದರು. ಒಬ್ಬರ ಏಟು, ಇನ್ನೊಬ್ಬರ ಮೌನ: ಇವೆರಡರ ನಡುವೆ ಚಿಕಿತ್ಸೆಗೆ ಯೋಗ್ಯವಾದ ಕಾಲವು ಕಳೆದುಹೋಗಿತ್ತು.

ಚಟವು ದುರ್ಗುಣವಲ್ಲ, ರೋಗ

ಮನುಷ್ಯನ ಮೆದುಳು ಸುಮಾರು ಇಪ್ಪತ್ತೈದನೆಯ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ಆದುದರಿಂದ ಎಳೆಯ ಪ್ರಾಯದಲ್ಲಿ ತಂಬಾಕು, ಮದ್ಯ ಅಥವಾ ಗಾಂಜಾ ಸೇವಿಸಿದವರಿಗೆ ಚಟವು ಬೇಗನೆ ಅಂಟಿಕೊಳ್ಳುತ್ತದೆ. ಕ್ರಮೇಣ ಆ ವಸ್ತುವಿಲ್ಲದಿದ್ದರೆ ನಿದ್ರೆ ಬಾರದು, ಕೈ ನಡುಗುವುದು, ಸಿಟ್ಟು ಹೆಚ್ಚುವುದು. ಇದು ಬರಿಯ ಹಟವಲ್ಲ. ಗುಟ್ಕಾ ಮತ್ತು ಅಡಿಕೆಯ ಸೇವನೆಯಿಂದ ಬಾಯಿಯ ಒಳಚರ್ಮವು ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಮುಂದೆ ಕ್ಯಾನ್ಸರಿಗೂ ದಾರಿಯಾಗಬಹುದು. ಮಗನು ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯಿಯೊಳಗೆ ತೂರಿಸಲಾರದೆ ಹೋದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ತಡೆಗಟ್ಟುವ ಕೆಲಸವು ಮನೆಯಲ್ಲೇ ಆರಂಭ

ಬೀಡಿ, ಹೊಗೆಸೊಪ್ಪು, ಮದ್ಯಗಳನ್ನು ತರಲು ಮಕ್ಕಳನ್ನು ಅಂಗಡಿಗೆ ಕಳುಹಿಸುವುದು ಸರ್ವಥಾ ಸಲ್ಲದು. ಜಾತ್ರೆ, ಮದುವೆಗಳಲ್ಲಿ ತಮಾಷೆಗೆಂದು ಹುಡುಗರಿಗೆ ಒಂದು ಗುಟುಕು ಕುಡಿಸುವ ರೂಢಿಯನ್ನು ನಿಲ್ಲಿಸಬೇಕು. ಮಕ್ಕಳಿಗೆ ಮದ್ಯ ಅಥವಾ ತಂಬಾಕು ಕೊಡುವವರಿಗೆ 2015ರ ಬಾಲನ್ಯಾಯ ಕಾಯಿದೆಯು ಏಳು ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. ಶಾಲೆಯ ಪಕ್ಕದ ಅಂಗಡಿಯಲ್ಲಿ ಇವನ್ನು ಮಾರುತ್ತಿದ್ದರೆ ಮುಖ್ಯೋಪಾಧ್ಯಾಯರಿಗೂ ಪಂಚಾಯಿತಿಗೂ ತಿಳಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ದಿನಕ್ಕೊಮ್ಮೆಯಾದರೂ ಮಕ್ಕಳೊಡನೆ ಕುಳಿತು ಉಣ್ಣಿರಿ; ಅವರ ಮಾತನ್ನು ಕೇಳಿರಿ. ಕೇಳುವವರಿರುವ ಮನೆಯಲ್ಲಿ ಮಕ್ಕಳು ತಮ್ಮ ತಪ್ಪನ್ನು ಹೇಳಲು ಅಂಜುವುದಿಲ್ಲ.

ಗುರುತಿಸುವ ಬಗೆ

ಕಾರಣವಿಲ್ಲದೆ ಶಾಲೆ ತಪ್ಪಿಸುವುದು, ಮನೆಯ ಹಣ ಅಥವಾ ಧಾನ್ಯ ಕಾಣೆಯಾಗುವುದು, ಹಳೆಯ ಗೆಳೆಯರನ್ನು ಬಿಡುವುದು, ಕೆಂಗಣ್ಣು, ಬಟ್ಟೆಯಲ್ಲಿ ಸಲ್ಯೂಷನ್ ಅಥವಾ ಪೇಂಟಿನ ವಾಸನೆ, ಬಾಯಿಯ ಸುತ್ತ ಹುಣ್ಣು, ನಿದ್ರೆಯ ಏರುಪೇರು: ಇವು ಸೂಚನೆಗಳು. ಒಂದೇ ಸೂಚನೆಯಿಂದ ತೀರ್ಮಾನಕ್ಕೆ ಬರಬಾರದು. ಹಲವು ಸೇರಿ ಕಂಡಾಗ ಉದಾಸೀನ ಮಾಡಬಾರದು. ಗಂಡುಮಕ್ಕಳಂತೆ ಹೆಣ್ಣುಮಕ್ಕಳಿಗೂ ಈ ಚಟಗಳು ಅಂಟಬಹುದೆಂಬುದನ್ನು ಮರೆಯಬಾರದು.

ತಿಳಿದಾಗ ಏನು ಮಾಡಬೇಕು?

ಮೊದಲು ಗಂಡಹೆಂಡಿರು ತಮ್ಮತಮ್ಮಲ್ಲಿ ಮಾತನಾಡಿ ಒಮ್ಮತಕ್ಕೆ ಬರಬೇಕು. ಅಮಲು ಇಳಿದ ಮೇಲೆ, ಇತರರೆದುರು ಅವಮಾನಿಸದೆ, ಮಗುವನ್ನು ಶಾಂತವಾಗಿ ವಿಚಾರಿಸಬೇಕು. ಮೂರು ಅಪಾಯಗಳನ್ನು ಮುಖ್ಯವಾಗಿ ನೆನಪಿಡಬೇಕು.

1. ಸಲ್ಯೂಷನ್, ಪೇಂಟು, ಪೆಟ್ರೋಲು ಮೂಸಿದ ಹುಡುಗನನ್ನು ಆಗಲೇ ಬೆದರಿಸುವುದಾಗಲಿ, ಅಟ್ಟಿಸಿಕೊಂಡು ಹೋಗುವುದಾಗಲಿ ಕೂಡದು. ಭಯದಿಂದ ಹೃದಯದ ಬಡಿತವು ತಪ್ಪಿ ಹಠಾತ್ತಾಗಿ ಸಾವು ಸಂಭವಿಸಬಹುದು. ಅವನನ್ನು ಗಾಳಿಯಾಡುವ ಕಡೆ ಕೂರಿಸಿ ಸಮಾಧಾನಪಡಿಸಿರಿ. ಪ್ರಜ್ಞೆ ತಪ್ಪಿದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆಮಾಡಿರಿ.

2. ಪ್ರತಿದಿನ ಮದ್ಯ ಕುಡಿಯುತ್ತಿದ್ದವನನ್ನು ಕೂಡಿಹಾಕಿ ಒಮ್ಮೆಲೇ ಬಿಡಿಸಬಾರದು. ಅಪಸ್ಮಾರದಂತಹ ಸೆಳವು ಹಾಗೂ ಬುದ್ಧಿಭ್ರಮಣೆ ಉಂಟಾಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಿಸಬೇಕು.

3. ಕುಡಿತ ಬಿಡಿಸುವ ಪುಡಿಯೆಂದು ಮಾರುವುದನ್ನು ಊಟದಲ್ಲಿ ಗುಟ್ಟಾಗಿ ಬೆರೆಸಬಾರದು. ಇದು ಪ್ರಾಣಕ್ಕೇ ಅಪಾಯಕಾರಿಯಾಗಬಹುದು.

ಚಿಕಿತ್ಸೆ ಎಲ್ಲಿ?

ಮೊದಲು ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಸಂಕೋಚವಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿರಿ. ಅಗತ್ಯವಿದ್ದಲ್ಲಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಲ್ಲಿಗೆ, ಧಾರವಾಡದ ಡಿಮ್ಹಾನ್ಸ್ ಅಥವಾ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಗೆ ಕಳುಹಿಸಲಾಗುವುದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಆಪ್ತಸಮಾಲೋಚನೆ, ಬೇಕಾದಲ್ಲಿ ಔಷಧ, ಮನೆಯವರಿಗೆ ತಿಳಿವಳಿಕೆ: ಇವು ಚಿಕಿತ್ಸೆಯ ಅಂಗಗಳು. ಎಲ್ಲರಿಗೂ ಆಸ್ಪತ್ರೆಯಲ್ಲಿ ದಾಖಲಾಗುವ ಅಗತ್ಯವಿಲ್ಲ. ಬಿಟ್ಟವರು ಮತ್ತೆ ಜಾರುವುದುಂಟು. ಅದನ್ನು ಸೋಲೆಂದು ಬಗೆಯದೆ ಪುನಃ ವೈದ್ಯರನ್ನು ಕಾಣಬೇಕು.

ಮೇಲೆ ಹೇಳಿದ ಹುಡುಗನೂ ಎರಡು ಬಾರಿ ಜಾರಿದನು. ಎರಡನೆಯ ಸಲ ಅವನೇ ತಾಯಿಗೆ ತಿಳಿಸಿದನು. ತಾಯಿ ಅಂದೇ ತಂದೆಗೆ ತಿಳಿಸಿದರು. ತಂದೆ ಕೋಲು ಹಿಡಿಯಲಿಲ್ಲ. ಮರುದಿನ ಬೆಳಿಗ್ಗೆ ಮೂವರೂ ಒಟ್ಟಿಗೆ ಆರೋಗ್ಯ ಕೇಂದ್ರಕ್ಕೆ ಬಂದರು. ಜೇಬಿನ ಬೀಡಿಕಟ್ಟನ್ನು ನನ್ನ ಮೇಜಿನ ಮೇಲಿಟ್ಟು, “ನನಗೂ ಬಿಡಿಸಿರಿ” ಎಂದರು ಆ ತಂದೆ. ಹುಡುಗನು ಈಗ ಶಾಲೆಗೆ ಹೋಗುತ್ತಿದ್ದಾನೆ, ತಿಂಗಳಿಗೊಮ್ಮೆ ಬಂದು ಕಾಣುತ್ತಾನೆ.

ತಾಯ್ತಂದೆಗಳೇ, ಜ್ವರ ಬಂದ ಮಗುವನ್ನು ನೀವು ಹೊಡೆಯುವುದಿಲ್ಲ, ಬಚ್ಚಿಡುವುದೂ ಇಲ್ಲ. ಕೈಹಿಡಿದು ಆಸ್ಪತ್ರೆಗೆ ಕರೆತರುತ್ತೀರಿ. ಈ ರೋಗಕ್ಕೂ ಹಾಗೆಯೇ ಮಾಡಿರಿ.