ರಸ್ತೆಗಿಳಿದ ದೋಣಿ

ಅಮೆರಿಕದ ಮಿನೆಸೋಟ ರಾಜ್ಯಕ್ಕೆ ‘ಹತ್ತು ಸಾವಿರ ಕೆರೆಗಳ ನಾಡು’ ಎಂಬ ಹೆಸರಿದೆ. 10 ಎಕರೆಗೆ ಕಡಿಮೆಯಿಲ್ಲದ ಕೆರೆಗಳೇ ಅಲ್ಲಿ 11,842. ಮೇ ತಿಂಗಳಲ್ಲಿ ಮೀನು ಹಿಡಿಯುವ ಕಾಲ ಬಂತೆಂದರೆ ಕಾರು, ಪಿಕಪ್ ವಾಹನಗಳ ಹಿಂದೆ ಟ್ರೇಲರ್ ಏರಿದ ದೋಣಿಗಳ ಸಾಲೇ ಹೊರಡುತ್ತದೆ. ನೋಡಲು ಸೊಗಸು. ಆದರೆ ದೋಣಿ ಸರಿಯಾಗಿ ಕೂರದಿದ್ದರೆ ಅದು ಹಿಂದೆ ಬರುವವರ ಪ್ರಾಣಕ್ಕೂ ಸಂಚಕಾರ.

ಕೆರೆಯಲ್ಲಿರುವ ದೋಣಿಯನ್ನು ನೀರು ತಳದುದ್ದಕ್ಕೂ ಎತ್ತಿ ಹಿಡಿದಿರುತ್ತದೆ. ಟ್ರೇಲರಿನ ಮೇಲೆ ಆ ಭಾರವೆಲ್ಲ ಕೆಲವು ಉರುಳೆಗಳ ಮೇಲೋ, ಕಾರ್ಪೆಟ್ ಹೊದಿಸಿದ ಮರದ ಪಟ್ಟಿಗಳ ಮೇಲೋ ಬೀಳುತ್ತದೆ. ಎಂಜಿನ್ ತೂಗುವ ಹಿಂತುದಿ ಆಧಾರವಿಲ್ಲದೆ ಹೊರಚಾಚಿದರೆ ದೋಣಿಯ ತಳವೇ ಕ್ರಮೇಣ ಬಾಗುತ್ತದೆ.

ಭಾರ ಎಲ್ಲಿ ಬೀಳಬೇಕು? ನಮ್ಮ ಹಳ್ಳಿಗಳ ಗಾಡಿ ಹೊಡೆಯುವವರಿಗೆ ಇದು ಹೊಸ ಪಾಠವಲ್ಲ. ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳಹಗ್ಗ ಬಿಗಿಯುತ್ತದೆ. ಮುಂಭಾರವಾದರೆ ನೊಗ ಹೆಗಲನ್ನು ಅದುಮುತ್ತದೆ. ಟ್ರೇಲರಿಗೂ ಇದೇ ಸನ್ನೆಯ ನಿಯಮ. ಗುರುತ್ವ ಕೇಂದ್ರ ಅಚ್ಚಿಗಿಂತ ತುಸು ಮುಂದಿರಬೇಕು. ದೋಣಿ, ಟ್ರೇಲರ್ ಸೇರಿ 1000 ಕಿಲೋ ಇದ್ದರೆ, ಕಾರಿನ ಕೊಂಡಿಯ ಮೇಲೆ ಬೀಳುವ ಭಾರ 100 ಕಿಲೋ ಆಸುಪಾಸಿನಲ್ಲಿರಬೇಕು. ಇದು ತೀರ ಕಡಿಮೆಯಾದರೆ ವೇಗ ಹೆಚ್ಚಿದಂತೆ ಟ್ರೇಲರ್ ಎಡಬಲಕ್ಕೆ ತೊನೆಯತೊಡಗುತ್ತದೆ. ಒಂದೊಂದು ತೊನೆತವೂ ಹಿಂದಿನದಕ್ಕಿಂತ ದೊಡ್ಡದಾಗಿ ಕಾರನ್ನೇ ಎಳೆದು ಹಾಕಬಹುದು. ಅತಿ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳ ಹಿಡಿತ ಸಡಿಲುತ್ತದೆ.

ಒಳಗೆ ನಿಂತ ನೀರನ್ನೂ ಮರೆಯುವಂತಿಲ್ಲ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಅದು ಏರಿನಲ್ಲಿ ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಹರಿಯುತ್ತದೆ. ಮಿನೆಸೋಟದಲ್ಲಿ ದೋಣಿಯ ತಳದ ಬಿರಡೆ ತೆಗೆದು, ನೀರು ಬಸಿದೇ ರಸ್ತೆಗಿಳಿಯಬೇಕೆಂಬ ಕಾನೂನಿದೆ. ಜೀಬ್ರಾ ಮಸಲ್ ಎಂಬ ಉಪದ್ರವಿ ಚಿಪ್ಪುಜೀವಿ ಕೆರೆಯಿಂದ ಕೆರೆಗೆ ಹರಡದಿರಲೆಂಬುದು ಅದರ ಉದ್ದೇಶ.

ಇನ್ನು ಕಟ್ಟುವ ಕೆಲಸ. ದೋಣಿಯ ಮೂತಿ ಟ್ರೇಲರಿನ ಮುಂದಿನ ರಬ್ಬರ್ ತಡೆಗೆ ಒತ್ತಿ ನಿಲ್ಲುವವರೆಗೆ ಕೈರಾಟೆಯ ಪಟ್ಟಿಯನ್ನು ಬಿಗಿಯಬೇಕು. ಆದರೆ ಇದೊಂದನ್ನೇ ನಂಬಬಾರದು. ರಸ್ತೆಯ ಗುಂಡಿಗೆ ಚಕ್ರ ಬಿದ್ದಾಗ ದೋಣಿ ಜಡತ್ವದಿಂದ ಮೇಲಕ್ಕೆ ಪುಟಿಯುತ್ತದೆ. ಅದನ್ನು ತಡೆಯುವುದು ಹಿಂತುದಿಯ ಎರಡೂ ಮೂಲೆಗಳಿಂದ ಟ್ರೇಲರಿಗೆ ಬಿಗಿದ ಪಟ್ಟಿಗಳು. ಮುಂದೆ ಕೊಂಡಿಯ ಕೆಳಗೆ ಎರಡು ಸರಪಳಿಗಳನ್ನು ಅಡ್ಡಡ್ಡ ಹಾಕಿರಬೇಕು. ಕೊಂಡಿ ಕಳಚಿದರೂ ಟ್ರೇಲರಿನ ಮೂಕಿ ನೆಲಕ್ಕೆ ತಿವಿಯದೆ ಅವುಗಳ ತೊಟ್ಟಿಲಲ್ಲಿ ನಿಲ್ಲುತ್ತದೆ.

ಹತ್ತಾರು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಬಿಗಿತ ನೋಡುವುದು ಅನುಭವಿಗಳ ರೂಢಿ. ದೋಣಿ ಅಲುಗಾಡಿ ಕೂತಾಗ ಪಟ್ಟಿ ಸಡಿಲವಾಗಿರುತ್ತದೆ. ಕೆರೆ ತಲುಪಿದಾಗಲೂ ಆತುರ ಸಲ್ಲದು. ಮೊದಲು ಬಿರಡೆ ಹಾಕಬೇಕು, ಆಮೇಲೆ ಹಿಂದಿನ ಪಟ್ಟಿ ಬಿಚ್ಚಬೇಕು. ಮೂತಿಯ ಕೊಕ್ಕೆ ಕಳಚುವುದು ಎಲ್ಲಕ್ಕಿಂತ ಕೊನೆಗೆ, ದೋಣಿಗೆ ನೀರು ತಾಕಿದ ಮೇಲೆ. ಇಳಿಜಾರಿನಲ್ಲಿ ಮೊದಲೇ ಕಳಚಿದರೆ ದೋಣಿ ಇಳಿಯುವುದು ನೀರಿಗಲ್ಲ, ಕಾಂಕ್ರೀಟಿಗೆ.