ಕಡಲಂಚಿನ ಗುಡ್ಡದ ಮೇಲೊಂದು ರಿಟ್ರೀಟ್: ರೆಂಡರ್‌ನಲ್ಲಿ ಮಳೆ ಎಲ್ಲಿದೆ?

ಇವತ್ತು ಮೊದಲು ಕಣ್ಮುಂದೆ ಒಂದು ಚಿತ್ರ ತಂದ್ಕೊಳ್ಳಿ. ಕೆಳಗೆ ಸಮುದ್ರ. ಮೇಲೆ ಕಡಿದಾದ ಗುಡ್ಡ. ಅದರ ತುದಿಯಿಂದ ಗಾಳಿಗೆ ಚಾಚಿಕೊಂಡಿರೋ ಗಾಜಿನ ಕಟ್ಟಡ, ಅಂಚಿನಲ್ಲೇ ಒಂದು ಈಜುಕೊಳ, ಹಿಂದೆ ಕಿತ್ತಳೆ ಬಣ್ಣದ ಸೂರ್ಯ. ಇನ್‌ಸ್ಟಾಗ್ರಾಮ್‌ನಲ್ಲಿ ಇಂಥದ್ದನ್ನ ನೂರು ಸಲ ನೋಡಿರ್ತೀರಿ. ಆರ್ಕಿಟೆಕ್ಚರ್ ಓದುವವರಿಗಂತೂ ಇದು ಅಚ್ಚುಮೆಚ್ಚಿನ ಪ್ರಾಜೆಕ್ಟ್.

ಇದಕ್ಕೆ ರೆಂಡರ್ ಅಂತಾರೆ. ಕಟ್ಟಡ ಇನ್ನೂ ಇರಲ್ಲ, ಆದರೆ ಫೋಟೊದ ಹಾಗೆ ಕಾಣೋ ಚಿತ್ರ ಇರತ್ತೆ. ಲ್ಯಾಪ್‌ಟಾಪ್‌ನಲ್ಲಿ ಬ್ಲೆಂಡರ್, ಸ್ಕೆಚ್‌ಅಪ್, ಲುಮಿಯಾನ್ ಥರದ ಸಾಫ್ಟ್‌ವೇರ್ ಇದ್ದರೆ ಒಂದೆರಡು ರಾತ್ರಿಯಲ್ಲಿ ಮಾಡಬಹುದು. ಆದರೆ ಆ ಚಿತ್ರದಲ್ಲಿ ಯಾವತ್ತೂ ಕಾಣದ ಎರಡು ಸಂಗತಿ ಇವೆ: ಮಣ್ಣು ಮತ್ತು ಮಳೆ. ಗುಡ್ಡದ ಮೇಲಿನ ಕಟ್ಟಡ ಉಳಿಯೋದೂ ಉರುಳೋದೂ ಇವೆರಡರ ಮೇಲೆಯೇ.

ಒಂದು ಜಾಗ ಇಟ್ಕೊಂಡು ಮಾತಾಡೋಣ. ಉತ್ತರ ಕನ್ನಡದ ಕರಾವಳಿ, ಗೋಕರ್ಣದ ಸುತ್ತಮುತ್ತ. ಸಮುದ್ರಕ್ಕೆ ಮುಖ ಮಾಡಿದ ಗುಡ್ಡ. ಎಂಟು ಕೋಣೆ, ಒಂದು ಅಡುಗೆಮನೆ, ಸುಮ್ಮನೆ ಕೂರೋಕೆ ಒಂದು ಹಜಾರ. ಊರಿನ ಗದ್ದಲ ಬಿಟ್ಟು ನಾಲ್ಕು ದಿನ ಇದ್ದು ಹೋಗೋ ಜಾಗ. ಇಷ್ಟೇ ನಮ್ಮ ಕಾಲ್ಪನಿಕ ಪ್ರಾಜೆಕ್ಟ್.

ಮೊದಲ ಪ್ರಶ್ನೆ: ಕಾಲ ಕೆಳಗೆ ಏನಿದೆ? ನಮ್ಮ ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಮೇಲೆ ಕೆಂಪು ಮುರಕಲ್ಲು. ನೋಡೋಕೆ ಬಂಡೆಯಂತೆ ಗಟ್ಟಿ, ಆದರೆ ಮೈತುಂಬ ತೂತು. ನೀರು ಸಲೀಸಾಗಿ ಇಳಿದುಹೋಗತ್ತೆ. ಅದರ ಕೆಳಗೆ ಬಹಳ ಕಡೆ ಶೇಡಿ ಮಣ್ಣು ಇರತ್ತೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬಲ ಕಳ್ಕೊಳ್ಳತ್ತೆ. ಗಟ್ಟಿ ಟೋಪಿ ಹಾಕ್ಕೊಂಡ ಮೆತ್ತನೆ ತಲೆ ಅಂತಿಟ್ಕೊಳ್ಳಿ. ಟೋಪಿ ಮುಟ್ಟಿ ನೋಡಿ, ಗಟ್ಟಿ ಇದೆ ಅಂದ್ರೆ ಸಾಕಾಗಲ್ಲ. ಕೊರೆದು ಮಣ್ಣು ತೆಗೆದು ಪರೀಕ್ಷೆ ಮಾಡಿಸಬೇಕು.

ಇದು ಪುಸ್ತಕದ ಮಾತಲ್ಲ. 2024ರ ಜುಲೈ 16ರಂದು ಇದೇ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣಕ್ಕಾಗಿ ಕಡಿದಿದ್ದ ಗುಡ್ಡ ಅದು. ಸುರಿಯೋ ಮಳೆಯಲ್ಲಿ ರಸ್ತೆ ಬದಿಯ ಅಂಗಡಿ, ಅಲ್ಲಿದ್ದ ಜನ ಮಣ್ಣಿನಡಿ ಹೋದರು. ಗಂಗಾವಳಿ ನದಿಗೆ ಬಿದ್ದ ಒಂದು ಲಾರಿಯನ್ನ ಮೇಲೆತ್ತಿದ್ದು ಸೆಪ್ಟೆಂಬರ್ ಕೊನೆಯ ವಾರದಲ್ಲಿ. ಗುಡ್ಡದ ಬುಡ ಕಡಿಯೋದು, ಮೇಲಿಂದ ನೀರು ಇಳಿಯೋದು, ಇವೆರಡೂ ಸೇರಿದರೆ ಏನಾಗತ್ತೆ ಅನ್ನೋದಕ್ಕೆ ಬೇರೆ ಉದಾಹರಣೆ ಬೇಡ.

ಎರಡನೇ ಪ್ರಶ್ನೆ: ಅಲ್ಲಿ ಕಟ್ಟಬಹುದಾ? ಕರಾವಳಿ ನಿಯಂತ್ರಣ ವಲಯದ, ಅಂದ್ರೆ ಸಿಆರ್‌ಝಡ್‌ನ 2019ರ ಅಧಿಸೂಚನೆ ಪ್ರಕಾರ, ಹಳ್ಳಿ ಕಡೆಯ ಜನಸಾಂದ್ರತೆ ಕಡಿಮೆ ಇರೋ ತೀರದಲ್ಲಿ ಉಬ್ಬರದ ಗೆರೆಯಿಂದ 200 ಮೀಟರ್ ತನಕ ಅಭಿವೃದ್ಧಿ ನಿಷಿದ್ಧ ವಲಯ. ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇದ್ದರೆ 50 ಮೀಟರ್. ಅಂದ್ರೆ ಅಂಚಿನಲ್ಲಿ ಚಾಚಿಕೊಂಡ ಆ ಗಾಜಿನ ಪೆಟ್ಟಿಗೆಗೆ ಪರವಾನಗಿಯೇ ಸಿಗಲ್ಲ.

ಬೇಜಾರಾಯ್ತಾ? ಆಗಬೇಡಿ. ಡಿಸೈನ್ ನಿಜವಾಗಿ ಶುರುವಾಗೋದು ಇಲ್ಲಿಂದಲೇ. ಕಟ್ಟಡ ಹಿಂದೆ ಇರಲಿ, ಅಂಚಿನ ಕಡೆಗೆ ಹೋಗೋದು ಬರೀ ಒಂದು ಕಾಲುದಾರಿ. ಮರಗಳ ಮಧ್ಯೆ ಇನ್ನೂರು ಹೆಜ್ಜೆ ನಡೆದ ಮೇಲೆ ತಟ್ಟನೆ ಕಾಣೋ ಸಮುದ್ರಕ್ಕೆ, ಹಾಸಿಗೆಯಲ್ಲಿ ಮಲಗೇ ಕಾಣೋ ಸಮುದ್ರಕ್ಕಿಂತ ರುಚಿ ಹೆಚ್ಚು.

ಈಗ ತೂಕದ ಲೆಕ್ಕ. 10 ಮೀಟರ್ ಉದ್ದ, 4 ಮೀಟರ್ ಅಗಲ, 1.2 ಮೀಟರ್ ಆಳದ ಈಜುಕೊಳದಲ್ಲಿ ನೀರೇ 48 ಟನ್. ಅದನ್ನ ಗುಡ್ಡದ ಅಂಚಿನಲ್ಲಿಟ್ಟು, ಅದು ಸೋರೋಕೆ ಶುರುವಾದರೆ? ತೂಕಕ್ಕೆ ತೂಕ, ನೀರಿಗೆ ನೀರು.

ಚಾಚು ಬೇಕೇ ಬೇಕು ಅನ್ನೋರಿಗೆ ಒಂದು ಕಥೆ ಇದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಫ್ರಾಂಕ್ ಲಾಯ್ಡ್ ರೈಟ್ 1935ರಲ್ಲಿ ವಿನ್ಯಾಸ ಮಾಡಿದ ಫಾಲಿಂಗ್‌ವಾಟರ್ ಮನೆ. ಜಲಪಾತದ ಮೇಲೆ ಚಾಚಿದ ಅದರ ಕಾಂಕ್ರೀಟ್ ತಾರಸಿಗಳು ಜಗತ್ಪ್ರಸಿದ್ಧ. ಆದರೆ ಸುಮಾರು 15 ಅಡಿಯ ಆ ಚಾಚು ವರ್ಷಗಳಲ್ಲಿ ಹತ್ತಿರ ಹತ್ತಿರ 7 ಇಂಚು ಜೋತುಬಿತ್ತು. ಕೊನೆಗೆ 2002ರಲ್ಲಿ ಒಳಗೆ ಉಕ್ಕಿನ ಕೇಬಲ್ ಬಿಗಿದು ನಿಲ್ಲಿಸಬೇಕಾಯ್ತು. ಅಲ್ಲಿ ಕೆಳಗೆ ಗಟ್ಟಿ ಬಂಡೆ ಇತ್ತು ಅನ್ನೋದನ್ನೂ ಮರೀಬೇಡಿ.

ಹಾಗಾದ್ರೆ ಹೇಗೆ ಕಟ್ಟೋದು? ಇಳಿಜಾರನ್ನ ಕಡಿದು ಮಟ್ಟ ಮಾಡೋ ಬದಲು ಅದರ ಏರಿಳಿತದ ಜೊತೆಗೇ ಹೋಗಿ. ಒಂದು ದೊಡ್ಡ ಕಟ್ಟಡದ ಬದಲು ಮೂರ್ನಾಲ್ಕು ಸಣ್ಣವು, ಬೇಕಾದ ಕಡೆ ಕಂಬದ ಮೇಲೆ. ಮೇಲ್ಗಡೆಯಿಂದ ಹರಿದು ಬರೋ ನೀರನ್ನ ಕಟ್ಟಡ ಮುಟ್ಟೋ ಮೊದಲೇ ಚರಂಡಿ ಹಿಡೀಬೇಕು. ಇಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 500 ಚದರ ಮೀಟರ್ ಮಾಡಿನ ಮೇಲೆ ಒಂದೇ ದಿನ 100 ಮಿಲಿಮೀಟರ್ ಬಿದ್ದರೆ 50,000 ಲೀಟರ್. ಆ ನೀರು ಎಲ್ಲಿಗೆ ಹೋಗತ್ತೆ? ನಿಮ್ಮ ಡ್ರಾಯಿಂಗ್‌ನಲ್ಲಿ ಇದಕ್ಕೆ ಬಾಣದ ಗುರುತು ಹಾಕಿದ ಉತ್ತರ ಇರಬೇಕು.

ಕರಾವಳಿಯ ಹಳೇ ಮನೆಗಳಿಗೆ ಇದೆಲ್ಲ ಗೊತ್ತಿತ್ತು. ಇಳಿಜಾರು ಹೆಂಚಿನ ಮಾಡು, ಗೋಡೆಯಿಂದ ತುಂಬ ಮುಂದೆ ಬಂದ ಸೂರು, ಅದರ ಕೆಳಗೆ ಜಗಲಿ. ಪಶ್ಚಿಮಕ್ಕೆ ಬರೀ ಗಾಜು ಇಟ್ಟರೆ ಏಪ್ರಿಲ್ ಮಧ್ಯಾಹ್ನ ಬೇಯ್ತೀರಿ, ಜುಲೈಯಲ್ಲಿ ಇರಚಲಿಗೆ ಬಾಗಿಲು ತೆಗೆಯೋಕಾಗಲ್ಲ.

ಇಷ್ಟಾದ ಮೇಲೆ ರೆಂಡರ್‌ಗೆ ಬನ್ನಿ. ಸಿದ್ಧ ಗುಡ್ಡ ಡೌನ್‌ಲೋಡ್ ಮಾಡಬೇಡಿ, ಸರ್ವೆಯ ಕಾಂಟೂರ್ ಗೆರೆಗಳಿಂದಲೇ ನೆಲ ಎಬ್ಬಿಸಿ. ಸಾಫ್ಟ್‌ವೇರ್‌ಗೆ ಜಾಗದ ನಿಜವಾದ ಅಕ್ಷಾಂಶ, ದಿನಾಂಕ, ಸಮಯ ಕೊಡಿ. ಗೋಕರ್ಣದಲ್ಲಿ ಸೂರ್ಯ ಡಿಸೆಂಬರಿನಲ್ಲಿ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಮುಳುಗ್ತಾನೆ, ಜೂನ್‌ನಲ್ಲಿ ಅಷ್ಟೇ ಉತ್ತರಕ್ಕೆ. ಚೆಂದ ಕಾಣತ್ತೆ ಅಂತ ಸೂರ್ಯನನ್ನ ಬೇಕಾದಲ್ಲಿ ನೇತುಹಾಕಬೇಡಿ. ಕ್ಯಾಮೆರಾ ಮನುಷ್ಯನ ಕಣ್ಣಿನ ಎತ್ತರದಲ್ಲಿ, ಸುಮಾರು 1.6 ಮೀಟರ್‌ನಲ್ಲಿರಲಿ. ಲೆನ್ಸ್ ತೀರಾ ಅಗಲ ಮಾಡಿದರೆ ಹತ್ತಡಿ ಕೋಣೆ ಮದುವೆ ಹಾಲ್ ಥರ ಕಾಣತ್ತೆ.

ಕೊನೆಗೆ ಮೂರು ಚಿತ್ರ ಮಾಡಿ. ಒಂದು, ಗುಡ್ಡವನ್ನ ಸೀಳಿ ತೋರಿಸೋ ಸೆಕ್ಷನ್: ಮುರಕಲ್ಲು, ಶೇಡಿ ಮಣ್ಣು, ಅಡಿಪಾಯ, ಚರಂಡಿ ಎಲ್ಲ ಕಾಣಬೇಕು. ಎರಡು, ಜುಲೈಯ ಒಂದು ಮಧ್ಯಾಹ್ನ: ಬೂದು ಆಕಾಶ, ಹೆಂಚಿನಿಂದ ಇಳಿಯೋ ನೀರು, ಪಾಚಿ ಹಿಡಿದ ಗೋಡೆ. ಮೂರನೆಯದು ನಿಮ್ಮ ಇಷ್ಟದ ಸೂರ್ಯಾಸ್ತ. ಬೇಡ ಅಂದವರು ಯಾರು!

ಯಾಕಿಷ್ಟು ಒತ್ತಿ ಹೇಳೋದು ಅಂದ್ರೆ, ರೆಂಡರ್ ನೋಡಿಯೇ ಜನ ದುಡ್ಡು ಹಾಕ್ತಾರೆ. ಅದು ಚಿತ್ರ ಮಾತ್ರ ಅಲ್ಲ, ಒಂದು ಮಾತು ಕೊಟ್ಟ ಹಾಗೆ. ಆ ಗುಡ್ಡದ ಬುಡದಲ್ಲೂ ಯಾರದ್ದೋ ಮನೆ, ಯಾರದ್ದೋ ಚಹಾದಂಗಡಿ ಇರತ್ತೆ. ಅವರು ನಿಮ್ಮ ರೆಂಡರ್‌ನ ಫ್ರೇಮಿನೊಳಗೆ ಬರಲ್ಲ, ಆದರೆ ನೀವು ಹರಿಯಬಿಟ್ಟ ನೀರು ಅವರ ಹತ್ತಿರಕ್ಕೇ ಹೋಗತ್ತೆ.

ಆರ್ಕಿಟೆಕ್ಚರ್ ಓದ್ತಿರೋ ಗೆಳೆಯರು ಇದ್ದರೆ ಈ ಸಂಚಿಕೆ ಅವರಿಗೆ ಕಳಿಸಿ. ಮುಂದಿನ ವಾರ ಮತ್ತೆ ಸಿಗೋಣ.