ಚಾವಣಿ ಹಾರುವುದು ಬಾಗಿಲಿನಿಂದ

1992ರ ಆಗಸ್ಟ್ 24ರ ನಸುಕಿನಲ್ಲಿ ಆಂಡ್ರ್ಯೂ ಎಂಬ ಹರಿಕೇನ್ ಫ್ಲೋರಿಡಾದ ಹೋಮ್‌ಸ್ಟೆಡ್ ಪಟ್ಟಣದ ಬಳಿ ದಡ ಮುಟ್ಟಿತು. ಗಾಳಿಯ ವೇಗ ಗಂಟೆಗೆ ಸುಮಾರು 265 ಕಿಲೋಮೀಟರ್. 25,000ಕ್ಕೂ ಹೆಚ್ಚು ಮನೆಗಳು ನಾಶವಾದವು, ಇನ್ನೂ ಒಂದು ಲಕ್ಷದಷ್ಟು ಮನೆಗಳು ಜಖಂ ಆದವು. ಅಂಥ ಗಾಳಿಗೆ ಯಾವ ಮನೆ ತಾನೇ ನಿಂತೀತು ಅನ್ನಿಸುವುದು ಸಹಜ. ಆದರೆ ಒಂದೇ ಬೀದಿಯಲ್ಲಿ ಒಂದು ಮನೆ ಪೂರ್ತಿ ಕಿತ್ತುಹೋಗಿ ಇನ್ನೊಂದು ಗಟ್ಟಿಯಾಗಿ ನಿಂತದ್ದೂ ಉಂಟು. ಪರಿಶೀಲನೆಗೆ ಹೋದ ಎಂಜಿನಿಯರ್‌ಗಳಿಗೆ ಹಾರಿಬಿದ್ದ ಪ್ಲೈವುಡ್ ಹಲಗೆಗಳಲ್ಲೇ ಒಂದು ಕಾರಣ ಸಿಕ್ಕಿತು. ಚಾವಣಿಯ ಹಲಗೆಗಳನ್ನು ಕೆಳಗಿನ ಮರದ ಪಕಾಸಿಗಳಿಗೆ ಸ್ಟೇಪಲ್ ಪಿನ್ನುಗಳಿಂದ ಬಿಗಿದಿದ್ದರು. ಕೆಲವು ಕಡೆ ಆ ಪಿನ್ನಿನ ಸಾಲು ಪಕಾಸಿಯನ್ನು ಸೋಕಿಯೇ ಇರಲಿಲ್ಲ. ತುಸು ಪಕ್ಕಕ್ಕೆ ಸರಿದು ಬರೀ ಹಲಗೆಯನ್ನು ತೂರಿಕೊಂಡು ಹೊರಬಂದಿತ್ತು. ಅಂಥ ಹಲಗೆ ಅಷ್ಟು ವರ್ಷ ಅಲ್ಲಿ ಕೂತಿದ್ದುದು ತನ್ನ ಭಾರದಿಂದ ಮಾತ್ರ.

ಆ ಭಾರವಾದರೂ ಎಷ್ಟು? ಬೆಂಗಳೂರಿನ ನಮ್ಮ ಆರ್‌ಸಿಸಿ ಚಾವಣಿ ಐದಿಂಚು ದಪ್ಪವಿದ್ದರೆ ಚದರ ಮೀಟರಿಗೆ 300 ಕಿಲೋಗೂ ಮಿಗಿಲು ತೂಗುತ್ತದೆ. ಅಮೆರಿಕದ ಮರದ ಚಾವಣಿ ಹಲಗೆ, ಹೊದಿಕೆ, ಪಕಾಸಿ ಎಲ್ಲ ಸೇರಿ ಅರವತ್ತು–ಎಪ್ಪತ್ತು ಕಿಲೋ. ಈಗ ಗಾಳಿಯ ಲೆಕ್ಕ ನೋಡೋಣ. ಗಂಟೆಗೆ 120 ಕಿಲೋಮೀಟರ್ ವೇಗದ ಗಾಳಿ ಪ್ರತಿ ಚದರ ಮೀಟರಿನ ಮೇಲೆ ಸುಮಾರು 70 ಕಿಲೋ ತೂಕದಷ್ಟು ಒತ್ತಡ ಹಾಕಬಲ್ಲದು. ವೇಗ ಎರಡರಷ್ಟಾಗಿ 240 ಮುಟ್ಟಿದರೆ ಒತ್ತಡ ನಾಲ್ಕರಷ್ಟಾಗಿ 280 ಕಿಲೋ ಆಗುತ್ತದೆ, ಏಕೆಂದರೆ ಗಾಳಿಯ ಒತ್ತಡ ಬೆಳೆಯುವುದು ವೇಗದ ವರ್ಗಕ್ಕೆ ಅನುಗುಣವಾಗಿ. ಚಾವಣಿಯ ಮೇಲೆ ಹಾದುಹೋಗುವ ಗಾಳಿ ಅದನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಹೀರುತ್ತದೆ. ಅಂಚು, ಮೂಲೆಗಳಲ್ಲಿ ಈ ಹೀರುವಿಕೆ ಇನ್ನೂ ಜೋರು. ಕರಾವಳಿಯಲ್ಲಿ ಮಂಗಳೂರು ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದು ಹೊಸ ವಿಷಯವಲ್ಲ. ಗಾಳಿಮಳೆಗೆ ಮೊದಲು ಏಳುವುದು ಮಾಡಿನ ಅಂಚಿನ ಹೆಂಚುಗಳೇ.

ಆದರೆ ಚಾವಣಿಯನ್ನು ಎಬ್ಬಿಸಲು ಹೊರಗಿನ ಗಾಳಿಯೊಂದೇ ಸಾಕಾಗದಿದ್ದಾಗ ಒಳಗಿನಿಂದ ಅದಕ್ಕೊಂದು ನೆರವು ಸಿಗುತ್ತದೆ. ಫ್ಲೋರಿಡಾದ ಮನೆಗಳಲ್ಲಿ ಎರಡು ಕಾರು ನಿಲ್ಲುವ ಗ್ಯಾರೇಜ್ ಮಾಮೂಲು. ಅದರ ಬಾಗಿಲು ಹದಿನಾರು ಅಡಿ ಅಗಲ, ಏಳಡಿ ಎತ್ತರ, ತೆಳು ತಗಡು. 240 ಕಿಲೋಮೀಟರ್ ಗಾಳಿ ನೇರವಾಗಿ ಬಡಿದರೆ ಆ ಬಾಗಿಲು ತಡೆಯಬೇಕಾದ ಹೊರೆ ಸುಮಾರು ಮೂರು ಟನ್. ಬಾಗಿಲು ಬಿಲ್ಲಿನಂತೆ ಬಾಗಿ ಪಕ್ಕದ ಕಂಬಿಯಿಂದ ಕಳಚಿಕೊಂಡರೆ ಗಾಳಿ ಒಳನುಗ್ಗುತ್ತದೆ. ಹೊರಹೋಗಲು ದಾರಿ ಸಿಗದೆ ಚಾವಣಿಯನ್ನು ಕೆಳಗಿನಿಂದ ಒತ್ತುತ್ತದೆ. ಮೇಲಿನಿಂದ ಹೀರುವ ಬಲ, ಕೆಳಗಿನಿಂದ ತಳ್ಳುವ ಬಲ ಎರಡೂ ಕೂಡಿದರೆ ಮರದ ಚಾವಣಿಗೆ ಉಳಿಗಾಲವಿಲ್ಲ. ಚಾವಣಿ ಹೋದ ಮೇಲೆ ಗೋಡೆಗಳನ್ನು ಮೇಲ್ಗಡೆ ಹಿಡಿದಿಡುವುದು ಏನೂ ಇರುವುದಿಲ್ಲ, ಅವೂ ಮಲಗುತ್ತವೆ. ಆಂಡ್ರ್ಯೂ ಅಪ್ಪಳಿಸಿದಾಗ ಹಲವು ಮನೆಗಳ ಕುಸಿತ ಶುರುವಾಗಿದ್ದು ಈ ಬಾಗಿಲಿನಿಂದಲೇ. ಮನೆ ಸಜ್ಜುಗೊಳಿಸಲು ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಅದನ್ನು ಮೊದಲು ಸುರಿಯಬೇಕಾದ್ದು ಗ್ಯಾರೇಜ್ ಬಾಗಿಲಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. ಒಳಬದಿಗೆ ಅಡ್ಡಪಟ್ಟಿಗಳನ್ನು ಕೂಡಿಸಿದರೂ ಆದೀತು, ಗಾಳಿಯ ಒತ್ತಡಕ್ಕೆಂದೇ ತಯಾರಾದ ಬಾಗಿಲನ್ನು ಹಾಕಿಸಿದರಂತೂ ಇನ್ನೂ ಒಳ್ಳೆಯದು.

ಕಿಟಕಿಯ ಕತೆಯೂ ಇದೇ. ಗಾಜು ಒಡೆಯುವುದು ಬಹುಪಾಲು ಗಾಳಿಯ ಒತ್ತಡದಿಂದಲ್ಲ, ಗಾಳಿ ಹೊತ್ತು ತರುವ ಹೆಂಚು, ಮರದ ತುಂಡು, ಅಂಗಳದ ಕುರ್ಚಿಗಳಿಂದ. ಆಂಡ್ರ್ಯೂ ಬಳಿಕ ಮಯಾಮಿ-ಡೇಡ್ ಕೌಂಟಿ ಒಂದು ಕಠಿಣ ಪರೀಕ್ಷೆ ತಂದಿತು. ನಾಲ್ಕು ಕಿಲೋ ತೂಕದ ಮರದ ತೊಲೆಯೊಂದನ್ನು ಗಾಳಿಫಿರಂಗಿಯಲ್ಲಿಟ್ಟು ಸೆಕೆಂಡಿಗೆ ಹದಿನೈದು ಮೀಟರ್ ವೇಗದಲ್ಲಿ ಕಿಟಕಿಯತ್ತ ಹಾರಿಸುತ್ತಾರೆ. ಗಾಜು ಬಿರುಕು ಬಿಡಬಹುದು, ತೂತಾಗಕೂಡದು. ಪರೀಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಪೆಟ್ಟು ತಿಂದ ಅದೇ ಕಿಟಕಿಯನ್ನು ಸಾವಿರಾರು ಸಲ ಒಳಕ್ಕೂ ಹೊರಕ್ಕೂ ಒತ್ತಿ ಎಳೆಯುತ್ತಾರೆ, ಹರಿಕೇನ್ ಗಾಳಿ ಗಂಟೆಗಟ್ಟಲೆ ಮಾಡುವುದು ಅದನ್ನೇ. ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಹಾಳೆ ಬೆಸೆದ ಗಾಜು, ಅಲ್ಯೂಮಿನಿಯಂ ಶಟರ್‌ಗಳು ಇದನ್ನು ಪಾಸು ಮಾಡುತ್ತವೆ. ಅವು ಇಲ್ಲದವರು ಮುಕ್ಕಾಲಿಂಚಿನ ಪ್ಲೈವುಡ್ಡನ್ನು ಕಿಟಕಿ ಅಳತೆಗೆ ಮೊದಲೇ ಕತ್ತರಿಸಿ, ಯಾವುದು ಯಾವ ಕಿಟಕಿಗೆಂದು ಬರೆದಿಟ್ಟುಕೊಳ್ಳಬೇಕು. ಬಿರುಗಾಳಿಯ ಎಚ್ಚರಿಕೆ ಬಂದ ದಿನ ಅಂಗಡಿಗಳಲ್ಲಿ ಪ್ಲೈವುಡ್ ಸಿಕ್ಕುವುದಿಲ್ಲ.

ಗಾಜಿನ ಮೇಲೆ ಟೇಪನ್ನು ಅಡ್ಡಡ್ಡ ಅಂಟಿಸುವ ರೂಢಿ ಇನ್ನೂ ಹೋಗಿಲ್ಲ. ಅದು ಗಾಜನ್ನು ಒಂದಿಷ್ಟೂ ಗಟ್ಟಿ ಮಾಡುವುದಿಲ್ಲ. ಒಡೆದಾಗ ಚೂರುಗಳು ದೊಡ್ಡದಾಗಿ, ಇನ್ನೂ ಅಪಾಯಕಾರಿಯಾಗಿ ಹಾರುತ್ತವೆ. ಒತ್ತಡ ಸಮವಾಗಲಿ ಎಂದು ಕಿಟಕಿಯೊಂದನ್ನು ತೆರೆದಿಡುವುದು ಅದಕ್ಕಿಂತ ದೊಡ್ಡ ತಪ್ಪು, ಗಾಳಿಯನ್ನು ನಾವೇ ಒಳಗೆ ಕರೆದಂತೆ. ಹೊರಬಾಗಿಲು, ಕಿಟಕಿಗಳ ಜೊತೆಗೆ ಒಳಗಿನ ಕೋಣೆಗಳ ಬಾಗಿಲುಗಳನ್ನೂ ಮುಚ್ಚಬೇಕು. ಒಂದು ಕಿಟಕಿ ಒಡೆದರೂ ಗಾಳಿಯ ಒತ್ತಡ ಆ ಕೋಣೆಗಷ್ಟೇ ಸೀಮಿತವಾಗುತ್ತದೆ.

ಇಷ್ಟೆಲ್ಲ ಮುಚ್ಚಿದ ಮೇಲೂ ಚಾವಣಿಯನ್ನು ಅಡಿಪಾಯದವರೆಗೆ ಎಲ್ಲೂ ಕಡಿಯದಂತೆ ಕಟ್ಟಿರಬೇಕು. ಪಕಾಸಿಗೂ ಗೋಡೆಗೂ ನಡುವೆ ಬಗ್ಗಿಸಿ ಮೊಳೆ ಹೊಡೆದ ಒಂದು ಉಕ್ಕಿನ ಪಟ್ಟಿ, ಗೋಡೆಗೂ ಅಡಿಪಾಯಕ್ಕೂ ನಡುವೆ ಬೋಲ್ಟು. ಒಂದು ಪಟ್ಟಿಯ ಬೆಲೆ ತೀರಾ ಅಲ್ಪ, ಆದರೆ ಮನೆ ಕಟ್ಟುವಾಗಲೇ ಹಾಕದಿದ್ದರೆ ಆಮೇಲೆ ಸೂರಿನಡಿ ನುಸುಳಿ ಹಾಕುವುದು ಕಷ್ಟ. ಹಲಗೆಗೆ ಸ್ಟೇಪಲ್ ಬದಲು ಸುತ್ತುಗೆರೆಯಿರುವ ಮೊಳೆಗಳನ್ನು ಹೊಡೆದರೆ ಕೀಳುವುದು ಸುಲಭವಲ್ಲ. ಈ ಬಗೆಯ ಬಿಗಿ ನಿಯಮಗಳು 2002ರ ಮಾರ್ಚ್‌ನಿಂದ ಫ್ಲೋರಿಡಾಗೆಲ್ಲ ಅನ್ವಯವಾದವು. 2004ರ ಚಾರ್ಲಿ ಹರಿಕೇನ್‌ನಲ್ಲಿ ಹೊಸ ನಿಯಮದ ಮನೆಗಳು ಹಳೆಯವುಗಳಿಗಿಂತ ಎಷ್ಟೋ ಚೆನ್ನಾಗಿ ತಡೆದುಕೊಂಡವು.

ಗಾಳಿಯ ಎದುರು ಮೊಳೆ, ಪಟ್ಟಿ, ಶಟರ್ ಕೆಲಸ ಮಾಡುತ್ತವೆ. ನೀರಿನ ಎದುರು ಮಾಡುವುದಿಲ್ಲ. ಸಮುದ್ರದ ನೀರು ಗಾಳಿಗಿಂತ ಎಂಟುನೂರು ಪಟ್ಟು ಹೆಚ್ಚು ಸಾಂದ್ರ. ಒಂದು ಘನ ಮೀಟರ್ ನೀರು ಒಂದು ಟನ್ನಿಗೂ ಹೆಚ್ಚು ತೂಗುತ್ತದೆ. 2022ರ ಸೆಪ್ಟೆಂಬರ್ 28ರಂದು ಇಯಾನ್ ಹರಿಕೇನ್ ಫೋರ್ಟ್ ಮೈಯರ್ಸ್ ಬೀಚ್‌ಗೆ ತಂದ ಉಬ್ಬರದ ನೀರು ಕೆಲವೆಡೆ ಆಳೆತ್ತರವನ್ನು ಮೀರಿ ಏರಿತು, ಮನೆಗಳನ್ನು ಅಡಿಪಾಯದಿಂದಲೇ ಕಿತ್ತೊಯ್ದಿತು. ಅಲ್ಲಿ ಸತ್ತವರಲ್ಲಿ ಬಹಳ ಮಂದಿ ಮುಳುಗಿ ಸತ್ತವರು. ಎತ್ತರದ ಕಂಬಗಳ ಮೇಲೆ ಕಟ್ಟಿದ ಮನೆಯನ್ನು ಬಿಟ್ಟರೆ ದಡದಲ್ಲಿ ಉಬ್ಬರ ತಾಳುವ ಮನೆ ಇಲ್ಲ. ಹೀಗಾಗಿ ಖಾಲಿ ಮಾಡಿ ಎಂದು ಆಡಳಿತ ಹೇಳಿದಾಗ ಹೊರಡಲೇಬೇಕು. ಶಟರ್ ಎಷ್ಟೇ ಗಟ್ಟಿ ಇದ್ದರೂ ಸರಿಯೇ.

ಬಿರುಗಾಳಿ ದಾಟಿದ ಮೇಲಿನ ಸಾವುಗಳು ನನ್ನನ್ನು ಹೆಚ್ಚು ಕಲಕುತ್ತವೆ, ಅವನ್ನು ತಪ್ಪಿಸುವುದು ಅಷ್ಟು ಸುಲಭವಾದ್ದರಿಂದ. 2020ರಲ್ಲಿ ಲಾರಾ ಹರಿಕೇನ್ ಲೂಯಿಸಿಯಾನಾ ದಾಟಿ ಹೋದ ಮೇಲೆ ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ಕುಡಿದು ಹಲವರು ತೀರಿಕೊಂಡರು. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಜನರೇಟರನ್ನು ಗ್ಯಾರೇಜಿನಲ್ಲಾಗಲಿ ಜಗಲಿಯಲ್ಲಾಗಲಿ ಇಡಬಾರದು. ಮನೆಯಿಂದ ಇಪ್ಪತ್ತು ಅಡಿಯಾದರೂ ದೂರ, ಹೊಗೆ ಕಿಟಕಿಯತ್ತ ಬಾರದ ಹಾಗೆ ಇಡಬೇಕು. ತಲೆಗೆ ದಿನಕ್ಕೆ ನಾಲ್ಕು ಲೀಟರ್‌ನಂತೆ ವಾರಕ್ಕಾಗುವಷ್ಟು ನೀರು, ನಿತ್ಯದ ಮಾತ್ರೆಗಳು, ಒಲೆ ಹಚ್ಚದೆ ತಿನ್ನಬಹುದಾದ ಆಹಾರ ಮೊದಲೇ ಮನೆಯಲ್ಲಿರಲಿ.

ಅಟ್ಲಾಂಟಿಕ್‌ನ ಹರಿಕೇನ್ ಋತು ಜೂನ್ 1ರಿಂದ ನವೆಂಬರ್ 30ರವರೆಗೆ. ಕೆಲಸದ ಮೇಲೆ ಟ್ಯಾಂಪಾಗೋ ಒರ್ಲಾಂಡೋಗೋ ಹೊಸದಾಗಿ ಹೋಗಿರುವ ಕನ್ನಡ ಕುಟುಂಬಗಳು ಅದಕ್ಕೆ ಮೊದಲೇ ಎರಡು ವಿಷಯ ತಿಳಿದಿರಬೇಕು. ತಮ್ಮ ವಿಳಾಸ ಯಾವ ಸ್ಥಳಾಂತರ ವಲಯದಲ್ಲಿದೆ ಎಂಬುದು ಮೊದಲನೆಯದು. ಎ ವಲಯದವರು ಎಲ್ಲರಿಗಿಂತ ಮುಂಚೆ ಹೊರಡಬೇಕಾಗುತ್ತದೆ. ಇನ್ನೊಂದು ವಿಮೆಯ ಮಾತು. ಸಾಮಾನ್ಯ ಮನೆ ವಿಮೆ ಪ್ರವಾಹದ ಹಾನಿಯನ್ನು ಭರಿಸುವುದಿಲ್ಲ. ಸರ್ಕಾರಿ ಪ್ರವಾಹ ವಿಮೆ ಬೇರೆಯೇ ಕೊಳ್ಳಬೇಕು, ಮತ್ತು ಕೊಂಡ ಮೇಲೆ ಸಾಮಾನ್ಯವಾಗಿ 30 ದಿನ ಕಳೆದ ನಂತರವೇ ಅದು ಜಾರಿಗೆ ಬರುತ್ತದೆ. ಜೂನ್ ಹೊತ್ತಿಗೆ ವಿಮೆ ಕೈಯಲ್ಲಿರಬೇಕಾದರೆ ಏಪ್ರಿಲ್‌ನಲ್ಲೇ ಅರ್ಜಿ ಹಾಕಿ.